ಕರ್ಮಸ್ಥಾನವಿರುವುದು ಕುಂಡಲಿಯಲ್ಲೋ, ಜೀವದಲ್ಲೋ?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗಿ, ಸಿಇಟಿ ಮತ್ತು ನೀಟ್ ಅಂಕಗಳು ಕೈಗೆ ಬರುವ ದಿನಗಳಲ್ಲಿ ಅನೇಕ ಮನೆಗಳಲ್ಲಿ ಅಂಕಪಟ್ಟಿಯ ಜೊತೆಗೆ ಇನ್ನೊಂದು ಕಾಗದವೂ ಹೊರಬರುತ್ತದೆ. ಅದು ಮಗುವಿನ ಜಾತಕ. ಲಗ್ನದಿಂದ ಹತ್ತನೆಯ ಮನೆಯನ್ನು ಜ್ಯೋತಿಷಿಗಳು ಕರ್ಮಸ್ಥಾನವೆಂದು ಕರೆಯುತ್ತಾರೆ. ಆ ಮನೆಯ ಅಧಿಪತಿ ಯಾರು, ಅಲ್ಲಿ ಯಾವ ಗ್ರಹ ಕುಳಿತಿದೆ, ಯಾರ ದೃಷ್ಟಿ ಬಿದ್ದಿದೆ ಎಂದು ನೋಡಿ ವೃತ್ತಿಯನ್ನು ಹೇಳುವ ಕ್ರಮ ಹಳೆಯದು. ರವಿ ಬಲವಾಗಿದ್ದರೆ ಸರ್ಕಾರಿ ಕೆಲಸ, ಬುಧನಿದ್ದರೆ ಲೆಕ್ಕಪತ್ರ ಅಥವಾ ವ್ಯಾಪಾರ, ಗುರುವಿದ್ದರೆ ಬೋಧನೆ, ಕುಜನಿದ್ದರೆ ಸೇನೆ ಅಥವಾ ಯಂತ್ರವಿದ್ಯೆ, ಶನಿಯಿದ್ದರೆ ತಡವಾಗಿ ಬರುವ ಫಲ ಮತ್ತು ಹೆಚ್ಚಿನ ಶ್ರಮ ಎಂಬಂಥ ಮಾತುಗಳು ಎಲ್ಲರಿಗೂ ಪರಿಚಿತ.

ಹೀಗೆ ಕೇಳಲು ಹೋಗುವ ತಂದೆತಾಯಿಯರನ್ನು ನಗೆಯಾಡುವುದು ಸಲ್ಲದು. ಅವರ ಆತಂಕ ನಿಜವಾದದ್ದು. ಇರುವ ಜಮೀನನ್ನೋ ಒಡವೆಯನ್ನೋ ಒತ್ತೆಯಿಟ್ಟು ಓದಿಸುವವರಿಗೆ ಆಯ್ಕೆ ತಪ್ಪಿದರೆ ಎಂಬ ಭಯ ಇದ್ದೇ ಇರುತ್ತದೆ. ಹದಿನೇಳು ಹದಿನೆಂಟರ ವಯಸ್ಸಿನಲ್ಲಿ ಒಂದು ಇಡೀ ಬದುಕಿನ ದಾರಿಯನ್ನು ಕೆಲವೇ ವಾರಗಳಲ್ಲಿ ನಿರ್ಧರಿಸಬೇಕಾದ ಮಕ್ಕಳ ಸಂಕಟವೂ ಚಿಕ್ಕದಲ್ಲ. ಆಸರೆಯನ್ನು ಹುಡುಕುವುದು ಮನುಷ್ಯಸಹಜ. ಆದರೆ ಆ ಆಸರೆಯಿಂದ ಏನನ್ನು ಕೇಳಬಹುದು, ಏನನ್ನು ಕೇಳಬಾರದು ಎಂಬ ವಿವೇಕವನ್ನು ಜಿನಶಾಸನವು ಬಹು ಸೂಕ್ಷ್ಮವಾಗಿ ಬೋಧಿಸಿದೆ. ಅದನ್ನು ಮರೆತಾಗ ಕುಂಡಲಿಯ ಹತ್ತನೆಯ ಮನೆಯೇ ನಿಜವಾದ ಕರ್ಮಸ್ಥಾನವೆಂಬ ಭ್ರಮೆ ಹುಟ್ಟುತ್ತದೆ.

ಜೈನಧರ್ಮವು ಜ್ಯೋತಿಷಕ್ಕೆ ಅಪರಿಚಿತವಲ್ಲ. ಸೂರ್ಯಪ್ರಜ್ಞಪ್ತಿ, ಚಂದ್ರಪ್ರಜ್ಞಪ್ತಿಗಳಂಥ ಪ್ರಾಚೀನ ಗ್ರಂಥಗಳು ಸೂರ್ಯ ಚಂದ್ರರ ಗತಿಯನ್ನೇ ವಿಷಯವಾಗಿ ಉಳ್ಳವು. ಕನ್ನಡ ಭಾಷೆಗೆ ಜ್ಯೋತಿಷವನ್ನು ತಂದವರೂ ಜೈನರೇ. ಶ್ರೀಧರಾಚಾರ್ಯರು ಕ್ರಿ.ಶ. 1049ರಲ್ಲಿ ರಚಿಸಿದ 'ಜಾತಕತಿಲಕ'ವು ಕನ್ನಡದ ಮೊದಲ ಜ್ಯೋತಿಷ ಗ್ರಂಥವೆಂದು ಪ್ರಸಿದ್ಧವಾಗಿದೆ. ಅಂತರಿಕ್ಷ, ಭೌಮ, ಅಂಗ, ಸ್ವರ, ವ್ಯಂಜನ, ಲಕ್ಷಣ, ಛಿನ್ನ, ಸ್ವಪ್ನ ಎಂಬ ಎಂಟು ಅಂಗಗಳ ನಿಮಿತ್ತಜ್ಞಾನವನ್ನು ಬಲ್ಲ ಆಚಾರ್ಯರ ಪರಂಪರೆಯೂ ಇದೆ. ಆದ್ದರಿಂದ ಜೈನನಾದವನು ಜ್ಯೋತಿಷವನ್ನು ಕಣ್ಣೆತ್ತಿಯೂ ನೋಡಬಾರದು ಎಂದು ಹೇಳಲಾಗದು. ಆಕಾಶದ ಕಡೆಗೆ ಯಾವ ಭಾವದಿಂದ ನೋಡಬೇಕು ಎಂಬುದಷ್ಟೇ ವಿಚಾರಣೀಯ.

ಈ ಪ್ರಶ್ನೆಗೆ ಆದಿಪುರಾಣದ ಪರಂಪರೆ ಒಂದು ಅಪೂರ್ವ ಉತ್ತರವನ್ನು ಇಟ್ಟುಕೊಂಡಿದೆ. ಭೋಗಭೂಮಿಯ ಕಾಲದಲ್ಲಿ ಜ್ಯೋತಿರಂಗವೆಂಬ ಕಲ್ಪವೃಕ್ಷಗಳ ಪ್ರಭೆಯೇ ಎಲ್ಲೆಡೆ ತುಂಬಿದ್ದುದರಿಂದ ಜನರಿಗೆ ಸೂರ್ಯಚಂದ್ರರು ಕಾಣುತ್ತಿರಲಿಲ್ಲ. ಕಾಲ ಕಳೆದಂತೆ ಆ ವೃಕ್ಷಗಳ ಕಾಂತಿ ಕುಂದಿತು. ಒಂದು ಆಷಾಢ ಹುಣ್ಣಿಮೆಯ ಸಂಜೆ ಆಕಾಶದಲ್ಲಿ ಎರಡು ದೊಡ್ಡ ಬಿಂಬಗಳು ಕಾಣಿಸಿಕೊಂಡವು. ಒಂದು ಮುಳುಗುತ್ತಿದ್ದ ಸೂರ್ಯ, ಇನ್ನೊಂದು ಮೂಡುತ್ತಿದ್ದ ಚಂದ್ರ. ಎಂದೂ ಕಾಣದ್ದನ್ನು ಕಂಡ ಜನ, ತಮಗೇನೋ ಕೇಡು ಬಂತೆಂದು ನಡುಗಿ ಮೊದಲ ಕುಲಕರನಾದ ಪ್ರತಿಶ್ರುತಿಯ ಬಳಿಗೆ ಓಡಿದರು. ಅವನು ಅವರಿಗೆ ಶಾಂತಿಹೋಮವನ್ನು ವಿಧಿಸಲಿಲ್ಲ. ಇವು ಮೊದಲಿನಿಂದಲೂ ಇದ್ದವು, ವೃಕ್ಷಗಳ ಬೆಳಕಿನಲ್ಲಿ ಮರೆಯಾಗಿದ್ದವು, ಇವುಗಳಿಂದ ನಿಮಗೆ ಭಯವಿಲ್ಲ ಎಂದು ತಿಳಿಹೇಳಿದನು. ಮುಂದೆ ನಕ್ಷತ್ರಗಳು ಕಾಣಿಸಿಕೊಂಡಾಗ ಎರಡನೆಯ ಕುಲಕರನಾದ ಸನ್ಮತಿಯು ಹಗಲು ರಾತ್ರಿಗಳ ವಿಭಾಗವನ್ನೂ ಗ್ರಹಗಳ ಚಲನೆಯನ್ನೂ ಗ್ರಹಣವನ್ನೂ ವಿವರಿಸಿ ಜನರ ಅಂಜಿಕೆಯನ್ನು ಕಳೆದನು. ಜೈನ ಪುರಾಣದ ದೃಷ್ಟಿಯಲ್ಲಿ ಜ್ಯೋತಿಷವಿದ್ಯೆ ಹುಟ್ಟಿದ್ದೇ ಭಯವನ್ನು ನೀಗಲು. ಆ ವಿದ್ಯೆಯೇ ಇಂದು ಮಕ್ಕಳ ಎದೆಯಲ್ಲಿ ಭಯವನ್ನು ಬಿತ್ತುವುದಾದರೆ ಅದು ತನ್ನ ಮೂಲವನ್ನು ಮರೆತಿದೆ ಎಂದೇ ತಿಳಿಯಬೇಕು.

ಗ್ರಹಗಳ ಸ್ವರೂಪವನ್ನು ಕುರಿತು ತತ್ತ್ವಾರ್ಥಸೂತ್ರದ ನಿಲುವು ಸ್ಪಷ್ಟವಾಗಿದೆ. ಸೂರ್ಯ, ಚಂದ್ರ, ಗ್ರಹ, ನಕ್ಷತ್ರ, ಪ್ರಕೀರ್ಣಕ ತಾರೆಗಳೆಂದು ಜ್ಯೋತಿಷ್ಕ ದೇವರು ಐದು ಬಗೆ. ಮನುಷ್ಯಲೋಕದಲ್ಲಿ ಇವರು ಮೇರುವನ್ನು ಸದಾ ಸುತ್ತುತ್ತಾರೆ, ಕಾಲದ ವಿಭಾಗವು ಇವರಿಂದ ಆಗುತ್ತದೆ. ಅಲ್ಲಿ ಹೇಳಿರುವ ಕಾರ್ಯ ಕಾಲವಿಭಾಗ, ಭಾಗ್ಯವಿಭಾಗವಲ್ಲ. ಇನ್ನೂ ಗಮನಿಸಬೇಕಾದ ಸಂಗತಿಯೊಂದಿದೆ. ಜ್ಯೋತಿಷ್ಕ ದೇವರೂ ಸಂಸಾರಿ ಜೀವಗಳೇ. ಅವರಿಗೂ ಆಯುಷ್ಯದ ಮಿತಿಯಿದೆ, ಕರ್ಮದ ಬಂಧವಿದೆ. ದೇವಗತಿಯಲ್ಲಿ ಸಂಯಮವಿಲ್ಲ, ವ್ರತವಿಲ್ಲ, ಮೋಕ್ಷವೂ ಇಲ್ಲ. ಒಂದು ಚಿಕ್ಕ ಅಣುವ್ರತವನ್ನು ಧರಿಸುವ ಸಾಮರ್ಥ್ಯವೂ ಅವರಿಗಿಲ್ಲ. ಅದು ಮನುಷ್ಯನಿಗಿದೆ. ವ್ರತವನ್ನು ಧರಿಸಬಲ್ಲವನು ವ್ರತವನ್ನು ಧರಿಸಲಾರದವರ ಮುಂದೆ ನಿಂತು, ತಾನು ಏನಾಗಬಹುದೆಂದು ಅಪ್ಪಣೆ ಕೇಳುವುದು ವಿಚಿತ್ರವಲ್ಲವೆ?

ಹಾಗಾದರೆ ಒಬ್ಬನ ವಿದ್ಯೆ, ಉದ್ಯೋಗ, ಲಾಭ, ನಷ್ಟಗಳನ್ನು ರೂಪಿಸುವುದು ಯಾವುದು? ಜೈನಸಿದ್ಧಾಂತ ಇದಕ್ಕೆ ಜೀವವು ತಾನೇ ಕಟ್ಟಿಕೊಂಡ ಕರ್ಮವನ್ನು ತೋರಿಸುತ್ತದೆ. ಜ್ಞಾನಾವರಣೀಯದ ಕ್ಷಯೋಪಶಮವಿದ್ದಷ್ಟು ಓದು ಹತ್ತುತ್ತದೆ. ಲಾಭಾಂತರಾಯದ ಉದಯವಿದ್ದಾಗ ದುಡಿದರೂ ದಕ್ಕುವುದಿಲ್ಲ. ವೀರ್ಯಾಂತರಾಯವಿದ್ದಾಗ ಉತ್ಸಾಹವೇ ಮೂಡುವುದಿಲ್ಲ. ಗ್ರಹಸ್ಥಿತಿಯು ಹೆಚ್ಚೆಂದರೆ ಈ ಉದಯದ ಸೂಚಕವಾಗಬಹುದು, ಕಾರಕವಾಗಲಾರದು. ಗಡಿಯಾರದ ಮುಳ್ಳು ಹನ್ನೆರಡನ್ನು ತೋರಿಸಿದರೆ ನಡುಹಗಲಾಯಿತೆಂದು ತಿಳಿಯುತ್ತದೆ. ಆದರೆ ಸೂರ್ಯನನ್ನು ನೆತ್ತಿಗೆ ಏರಿಸಿದ್ದು ಮುಳ್ಳಲ್ಲ. ಮುಳ್ಳನ್ನು ಹಿಂದಕ್ಕೆ ತಿರುಗಿಸಿದರೆ ಬೆಳಗಾಗುವುದೂ ಇಲ್ಲ.

ಕರ್ಮವೇ ಕಾರಣವೆಂದ ಮೇಲೆ ಎಲ್ಲವೂ ಮೊದಲೇ ಬರೆದಿಟ್ಟಂತಾಯಿತಲ್ಲ, ಗ್ರಹದ ಬದಲು ಕರ್ಮವೆಂದರೆ ವ್ಯತ್ಯಾಸವೇನು ಎಂದು ಕೆಲವರು ಕೇಳಬಹುದು. ವ್ಯತ್ಯಾಸ ಬಹಳವಿದೆ. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಕನ್ನಡನಾಡಿನ ಸೇನಾಪತಿ ಚಾವುಂಡರಾಯನಿಗಾಗಿ ರಚಿಸಿದ ಗೊಮ್ಮಟಸಾರದ ಕರ್ಮಕಾಂಡದಲ್ಲಿ ಕರ್ಮದ ಹತ್ತು ಅವಸ್ಥೆಗಳ ವಿವರಣೆ ಇದೆ. ಬಂಧ, ಸತ್ತ್ವ, ಉದಯಗಳ ಜೊತೆಗೆ ಉದೀರಣೆ, ಉತ್ಕರ್ಷಣ, ಅಪಕರ್ಷಣ, ಸಂಕ್ರಮಣ, ಉಪಶಮಗಳೂ ಅಲ್ಲಿವೆ. ಕಟ್ಟಿದ ಕರ್ಮದ ಸ್ಥಿತಿಯನ್ನೂ ತೀವ್ರತೆಯನ್ನೂ ಪರಿಣಾಮಶುದ್ಧಿಯಿಂದ ತಗ್ಗಿಸಬಹುದು, ಒಂದು ಪ್ರಕೃತಿಯು ತನ್ನ ಸಜಾತಿಯ ಇನ್ನೊಂದಾಗಿ ಮಾರ್ಪಡಬಹುದು, ಉದಯವನ್ನು ಕೆಲಕಾಲ ಶಮನಗೊಳಿಸಬಹುದು. ನಿಕಾಚಿತವೆಂಬ ಬಿಗಿಯಾದ ಬಂಧವೂ ಇದೆ ಎಂಬುದು ನಿಜ. ಆದರೆ ತನ್ನ ಕರ್ಮ ಯಾವ ಬಗೆಯದೆಂದು ಸಾಮಾನ್ಯ ಜೀವಕ್ಕೆ ತಿಳಿಯದಿರುವಾಗ, ಎಲ್ಲವೂ ನಿಕಾಚಿತವೇ ಎಂದು ಮೊದಲೇ ಕೈಚೆಲ್ಲುವುದು ಪ್ರಮಾದವೆನಿಸುತ್ತದೆ. ಜನನಕಾಲದ ಕುಂಡಲಿ ಒಮ್ಮೆ ಬರೆದ ಮೇಲೆ ಬದಲಾಗುವುದಿಲ್ಲ. ಜೀವದ ಕರ್ಮದ ಖಾತೆಯಾದರೋ ಪ್ರತಿ ಸಮಯವೂ ತಿದ್ದಲ್ಪಡುತ್ತಿರುತ್ತದೆ. ತಿದ್ದುವ ಲೇಖನಿ ಇರುವುದು ಆ ಜೀವದ ಕೈಯಲ್ಲೇ.

ಶ್ವೇತಾಂಬರ ಪರಂಪರೆಯ ಅಂಗಾಗಮವಾದ ಉಪಾಸಕದಶಾಂಗದಲ್ಲಿ ಬರುವ ಸದ್ದಾಲಪುತ್ರನ ಪ್ರಸಂಗ ಈ ತತ್ತ್ವವನ್ನು ಒಬ್ಬ ವೃತ್ತಿನಿರತನ ಬದುಕಿನಲ್ಲಿಟ್ಟು ತೋರಿಸುತ್ತದೆ. ಪೋಲಾಸಪುರದ ಈ ಕುಂಬಾರನಿಗೆ ಊರ ಹೊರಗೆ ಐನೂರು ಮಡಕೆಯ ಅಂಗಡಿಗಳಿದ್ದವು. ಅವನು ಗೋಶಾಲಕನ ಆಜೀವಿಕ ಮತದ ಅನುಯಾಯಿ. ಎಲ್ಲವೂ ನಿಯತಿಯಿಂದಲೇ ನಡೆಯುತ್ತದೆ, ಪ್ರಯತ್ನವೆಂಬುದಿಲ್ಲ ಎಂಬುದು ಆ ಮತದ ತಿರುಳು. ಗೋಶಾಲಕನು ನಿಮಿತ್ತವಿದ್ಯೆಯ ಬಲದಿಂದ ಲಾಭ ನಷ್ಟ, ಸುಖ ದುಃಖ, ಜೀವನ ಮರಣಗಳನ್ನು ಹೇಳುತ್ತಿದ್ದನೆಂದು ಭಗವತೀಸೂತ್ರವೂ ತಿಳಿಸುತ್ತದೆ. ಭವಿಷ್ಯವನ್ನು ಹೇಳುವ ವಿದ್ಯೆಯೂ ಪುರುಷಾರ್ಥವನ್ನು ಅಲ್ಲಗಳೆಯುವ ತತ್ತ್ವವೂ ಅವನಲ್ಲಿ ಒಟ್ಟಿಗೆ ಇದ್ದುದು ಗಮನಾರ್ಹ.

ಭಗವಾನ್ ಮಹಾವೀರರು ಸದ್ದಾಲಪುತ್ರನಿಗೆ ಶಾಸ್ತ್ರದ ಮಾತಿನಿಂದ ಉಪದೇಶವನ್ನು ಆರಂಭಿಸಲಿಲ್ಲ, ಅವನ ಮಡಕೆಯಿಂದಲೇ ಆರಂಭಿಸಿದರು. ಒಣಗಲು ಇಟ್ಟ ಮಡಕೆಗಳನ್ನು ತೋರಿಸಿ, ಇವು ಹೇಗಾದವು ಎಂದು ಕೇಳಿದರು. ಮಣ್ಣನ್ನು ತಂದು, ನೀರು ಬೆರೆಸಿ, ಹದಮಾಡಿ, ಚಕ್ರದ ಮೇಲೇರಿಸಿದ್ದನ್ನು ಅವನು ವಿವರಿಸಿದನು. ಇದು ಪ್ರಯತ್ನದಿಂದ ಆಯಿತೋ, ಪ್ರಯತ್ನವಿಲ್ಲದೆಯೋ ಎಂದು ಕೇಳಿದಾಗ, ತನ್ನ ಮತಕ್ಕೆ ನಿಷ್ಠನಾಗಿ, ಪ್ರಯತ್ನವಿಲ್ಲದೆಯೇ ಎಂದನು. ಆಗ ಮಹಾವೀರರು ಮತ್ತೊಂದು ಪ್ರಶ್ನೆ ಇಟ್ಟರು. ಯಾರಾದರೂ ಬಂದು ಈ ಮಡಕೆಗಳನ್ನು ಕದ್ದರೆ, ಒಡೆದರೆ ಏನು ಮಾಡುವೆ? ಹಿಡಿದು ದಂಡಿಸುವೆನೆಂದು ಸದ್ದಾಲಪುತ್ರ ಉತ್ತರಿಸಿದನು. ಎಲ್ಲವೂ ನಿಯತವಾದರೆ ಕದ್ದವನ ಅಪರಾಧವೇನು? ಅಪರಾಧ ಉಂಟೆಂದರೆ ಪ್ರಯತ್ನವೂ ಉಂಟು. ಕುಂಬಾರನ ಕಣ್ಣು ತೆರೆಯಿತು. ಅವನು ಶ್ರಾವಕವ್ರತಗಳನ್ನು ಸ್ವೀಕರಿಸಿದನು. ಮಡಕೆಯ ಅಂಗಡಿಗಳು ಮುಂದೆಯೂ ಇದ್ದವು. ಬದಲಾದದ್ದು ತನ್ನ ಕೈಕೆಲಸವನ್ನು ಅವನು ನೋಡುವ ದೃಷ್ಟಿ.

ಈ ಸಂವಾದ ಇಂದಿನ ಮನೆಗಳಿಗೂ ಸಲ್ಲುತ್ತದೆ. ಮಗ ಪರೀಕ್ಷೆಯಲ್ಲಿ ತೇರ್ಗಡೆಯಾದರೆ ತಮ್ಮ ಶ್ರಮ, ಸೋತರೆ ಶನಿಯ ದೋಷ ಎನ್ನುವವರು ಸದ್ದಾಲಪುತ್ರನ ದ್ವಂದ್ವದಲ್ಲೇ ಇದ್ದಾರೆ. ಶನಿಯ ಮೇಲೆ ಹೊರಿಸಿದ ಸೋಲಿನಿಂದ ಯಾರೂ ಕಲಿಯಲಾರರು. ಓದಿನ ಕ್ರಮದಲ್ಲಿ ದೋಷವಿತ್ತೆ, ಒಲ್ಲದ ವಿಷಯವನ್ನು ಬಲವಂತವಾಗಿ ಕೊಡಿಸಲಾಯಿತೆ, ಮನಸ್ಸು ಬೇರೆಡೆ ಇತ್ತೆ ಎಂಬ ವಿಚಾರಣೆಗೆ ಅಲ್ಲಿ ಎಡೆಯೇ ಇರುವುದಿಲ್ಲ. ಜೈನರು ನಿತ್ಯ ಮಾಡಬೇಕಾದ ಪ್ರತಿಕ್ರಮಣದ ಅರ್ಥವೇ ದೋಷವನ್ನು ತನ್ನಲ್ಲಿ ಕಂಡು ಹಿಂದಿರುಗುವುದು. ಗ್ರಹದ ಮೇಲೆ ದೋಷವಿಟ್ಟವನಿಗೆ ಪ್ರತಿಕ್ರಮಣವಿಲ್ಲ.

ನಿಮಿತ್ತಜ್ಞಾನವನ್ನು ಬಳಸುವ ಬಗೆಯನ್ನು ಕನ್ನಡನಾಡಿಗೆ ತೋರಿಸಿಕೊಟ್ಟವರು ಶ್ರುತಕೇವಲಿ ಭದ್ರಬಾಹುಗಳು. ಉಜ್ಜಯಿನಿಯಲ್ಲಿ ಅವರು ಹನ್ನೆರಡು ವರ್ಷಗಳ ಬರವನ್ನು ನಿಮಿತ್ತದಿಂದ ಅರಿತರೆಂದು ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿರುವ, ಕ್ರಿ.ಶ. ಸುಮಾರು 600ರ ಶಾಸನ ಹೇಳುತ್ತದೆ. ವಡ್ಡಾರಾಧನೆಯೂ ಈ ಕಥೆಯನ್ನು ನಿರೂಪಿಸುತ್ತದೆ. ಅವರು ಆ ಜ್ಞಾನವನ್ನು ಯಾರಿಗೂ ಮಾರಲಿಲ್ಲ, ಅದರಿಂದ ಯಾರನ್ನೂ ಹೆದರಿಸಲಿಲ್ಲ. ಸಂಘವನ್ನೂ ಅದರ ಚಾರಿತ್ರವನ್ನೂ ಉಳಿಸಲು ದಕ್ಷಿಣಕ್ಕೆ ನಡೆಯಬೇಕೆಂದು ನಿಶ್ಚಯಿಸಿದರು. ಅದೇ ಬರದ ಸೂಚನೆಯನ್ನು ಕೇಳಿ ಕೆಲವು ಮುನಿಗಳು ಉತ್ತರದಲ್ಲೇ ಉಳಿದರು, ಚಂದ್ರಗುಪ್ತನು ಸಿಂಹಾಸನವನ್ನು ಬಿಟ್ಟು ಗುರುವಿನ ಹಿಂದೆ ಬಂದನು. ನಿಮಿತ್ತ ಒಂದೇ, ಹಿಡಿದ ದಾರಿಗಳು ಬೇರೆ ಬೇರೆ. ಬರ ಬರುವುದೆಂದು ನಿಮಿತ್ತ ಹೇಳಬಹುದು. ಬರದಲ್ಲಿ ಏನಾಗಿ ಬಾಳಬೇಕೆಂಬುದನ್ನು ಆಯಾ ಜೀವವೇ ನಿರ್ಣಯಿಸಬೇಕು.

ನಿಮಿತ್ತವನ್ನು ಹೇಳಿ ಆಹಾರ ಪಡೆಯುವುದನ್ನು ಮೂಲಾಚಾರವು ಮುನಿಗಳಿಗೆ ಒಂದು ದೋಷವೆಂದೇ ಎಣಿಸಿದೆ. ಬಲ್ಲವರಿಗೇ ಅದನ್ನು ಜೀವನೋಪಾಯವಾಗಿಸಿಕೊಳ್ಳಲು ಅನುಮತಿಯಿಲ್ಲದಿರುವುದರ ಹಿಂದೆ ಆಳವಾದ ಕಾರಣವಿದೆ. ಹೇಳುವವನಿಗೆ ಲೋಭ ಹುಟ್ಟಿದರೆ ಕೇಳುವವನಿಗೆ ಭಯ ಹುಟ್ಟಿಸಬೇಕಾಗುತ್ತದೆ. ಭಯ ಹೆಚ್ಚಿದಷ್ಟೂ ಪರಿಹಾರದ ಬೆಲೆ ಹೆಚ್ಚುತ್ತದೆ.

ಬಸದಿಗಳಲ್ಲಿ ನವಗ್ರಹ ಶಾಂತಿವಿಧಾನ ನಡೆಯುತ್ತದೆಯಲ್ಲ, ಹುಬ್ಬಳ್ಳಿಯ ಸಮೀಪದ ವರೂರಿನಲ್ಲಿ ನವಗ್ರಹ ತೀರ್ಥವೇ ಇದೆಯಲ್ಲ ಎಂಬ ಆಕ್ಷೇಪ ಬರಬಹುದು. ಅಲ್ಲಿಯ ಪೂಜೆಯ ತತ್ತ್ವವನ್ನು ಅರಿತರೆ ವಿರೋಧ ಉಳಿಯುವುದಿಲ್ಲ. ಆ ವಿಧಾನದಲ್ಲಿ ರವಿಯ ಹೆಸರಿನಲ್ಲಿ ಪದ್ಮಪ್ರಭರನ್ನೂ ಚಂದ್ರನ ಹೆಸರಿನಲ್ಲಿ ಚಂದ್ರಪ್ರಭರನ್ನೂ ಶನಿಯ ಹೆಸರಿನಲ್ಲಿ ಮುನಿಸುವ್ರತರನ್ನೂ ಆರಾಧಿಸುತ್ತಾರೆ. ಗ್ರಹದ ಭಯದಿಂದ ಬಂದವನ ಕಣ್ಣನ್ನು ವೀತರಾಗ ಜಿನಬಿಂಬದ ಕಡೆಗೆ ತಿರುಗಿಸುವ ಉಪಾಯ ಇದು. ವೀತರಾಗನು ವರ ಕೊಡುವುದಿಲ್ಲ, ಶಾಪವನ್ನೂ ಕೊಡುವುದಿಲ್ಲ. ಅವನ ದರ್ಶನದಿಂದ ಪರಿಣಾಮ ಶಾಂತವಾಗುತ್ತದೆ. ಶಾಂತವಾದ ಮನಸ್ಸು ಸರಿಯಾದ ನಿರ್ಧಾರಕ್ಕೆ ಬರುತ್ತದೆ. ಅಷ್ಟನ್ನು ಬಯಸಿ ಹೋಗುವುದು ಭಕ್ತಿ. ಸೀಟು ಸಿಗಲೆಂದು ಲಂಚದಂತೆ ಪೂಜೆ ಸಲ್ಲಿಸುವುದಾದರೆ, ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಚ್ಚರಿಸಿದ ಮೂಢತೆಗಳ ಹತ್ತಿರಕ್ಕೆ ಮನಸ್ಸು ಜಾರುತ್ತದೆ.

'ನಿಮಿತ್ತ' ಎಂಬ ಮಾತಿಗೆ ಜೈನಶಾಸ್ತ್ರದಲ್ಲಿ ಇನ್ನೊಂದು ಅರ್ಥವೂ ಇದೆ. ಶಕುನವೆಂಬುದು ಒಂದು ಅರ್ಥ. ಕಾರ್ಯಕ್ಕೆ ನೆರವಾಗುವ ಬಾಹ್ಯ ಕಾರಣವೆಂಬುದು ಮತ್ತೊಂದು. ಮಡಕೆಗೆ ಮಣ್ಣು ಉಪಾದಾನ, ಚಕ್ರವೂ ಕುಂಬಾರನೂ ನಿಮಿತ್ತ. ವೃತ್ತಿಯ ಆಯ್ಕೆಯಲ್ಲಿ ಮಗುವಿನ ಅಂತರಂಗದ ಯೋಗ್ಯತೆ ಉಪಾದಾನ. ಒಳ್ಳೆಯ ಗುರು, ಪುಸ್ತಕ, ಅನುಭವಿಗಳ ಮಾತು, ತಂದೆತಾಯಿಯರ ವಿಶ್ವಾಸ ನಿಮಿತ್ತಗಳು. ಇಂದು ಅನೇಕರು ಮೊದಲ ಅರ್ಥದ ನಿಮಿತ್ತವನ್ನು ಹುಡುಕುವುದರಲ್ಲಿ ಎರಡನೆಯ ಅರ್ಥದ ನಿಮಿತ್ತವನ್ನು ಒದಗಿಸುವುದನ್ನೇ ಮರೆಯುತ್ತಿದ್ದಾರೆ.

ಹತ್ತನೆಯ ಶತಮಾನದ ರನ್ನನನ್ನು ನೆನೆಯಬಹುದು. ಮುದುವೊಳಲಿನ, ಎಂದರೆ ಇಂದಿನ ಮುಧೋಳದ, ಬಳೆಗಾರರ ಮನೆಯಲ್ಲಿ ಹುಟ್ಟಿದ ಹುಡುಗ ಅವನು. ಹುಟ್ಟಿದ ಮನೆಯ ಕಸುಬು ವಾಣಿಜ್ಯ, ಅವನ ಜೀವದ ಒಲವು ವಿದ್ಯೆ. ಅಜಿತಸೇನಾಚಾರ್ಯರು ಗುರುವಾಗಿ ದೊರೆತರು, ಚಾವುಂಡರಾಯನೂ ದಾನಚಿಂತಾಮಣಿ ಅತ್ತಿಮಬ್ಬೆಯೂ ಆಶ್ರಯವಾದರು. ಬಳೆಗಾರರ ಮಗ ಕವಿಚಕ್ರವರ್ತಿಯಾಗಿ 993ರಲ್ಲಿ ಅಜಿತಪುರಾಣವನ್ನು ಬರೆದನು. ಉಪಾದಾನ ಬಲವಾಗಿತ್ತು, ನಿಮಿತ್ತಗಳು ಕೂಡಿಬಂದವು. ಆಶ್ರಯವಿತ್ತ ಚಾವುಂಡರಾಯನಾದರೂ ಒಂದೇ ವೃತ್ತಿಯ ಚೌಕಟ್ಟಿನಲ್ಲಿ ನಿಂತವನಲ್ಲ. ಖಡ್ಗ ಹಿಡಿದ ಕೈಯಿಂದಲೇ 978ರಲ್ಲಿ ಗದ್ಯದಲ್ಲಿ ಚಾವುಂಡರಾಯ ಪುರಾಣವನ್ನು ಬರೆದನು, ವಿಂಧ್ಯಗಿರಿಯ ಮೇಲೆ ಗೊಮ್ಮಟೇಶ್ವರನ ಮೂರ್ತಿಯನ್ನು ಕಡೆಯಿಸಿದನು. ಒಂದು ಜೀವಕ್ಕೆ ಒಂದೇ ಮನೆ, ಒಂದೇ ಅಧಿಪತಿ ಎಂಬ ಲೆಕ್ಕಕ್ಕೆ ಇಂಥ ಬಾಳು ಸಿಕ್ಕುವುದಿಲ್ಲ.

ಸಾರ್ಥಕವಾದ ವೃತ್ತಿಯೆಂದರೆ ಯಾವುದು ಎಂಬ ಮೂಲಪ್ರಶ್ನೆ ಇನ್ನೂ ಉಳಿದಿದೆ. ಕಲ್ಪವೃಕ್ಷಗಳು ಮರೆಯಾಗಿ ಜನ ಹಸಿದು ಬಂದಾಗ ಭಗವಾನ್ ಋಷಭದೇವರು ಅವರ ಜನ್ಮನಕ್ಷತ್ರವನ್ನು ಕೇಳಲಿಲ್ಲ. ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪಗಳೆಂಬ ಆರು ಕರ್ಮಗಳನ್ನು ಕಲಿಸಿದರು. ಭೋಗಭೂಮಿ ಕರ್ಮಭೂಮಿಯಾದದ್ದು ಹೀಗೆ. ಬೇಡಿದರೆ ದೊರಕುವ ಕಾಲ ಮುಗಿದು ಕಲಿತು ದುಡಿಯುವ ಕಾಲ ಬಂದಾಗ, ದುಡಿಮೆಗೆ ಒಂದು ಗೌರವವೂ ಒಂದು ಎಲ್ಲೆಯೂ ಬಂದವು. ಆ ಎಲ್ಲೆಯನ್ನು ಶ್ರಾವಕಾಚಾರ ಗ್ರಂಥಗಳು ಗುರುತಿಸಿವೆ. ಕಾಡನ್ನು ಸುಡುವುದು, ಕೆರೆಯನ್ನು ಬತ್ತಿಸುವುದು, ವಿಷದ ವ್ಯಾಪಾರ, ದಂತದ ವ್ಯಾಪಾರ ಮೊದಲಾದ ಹದಿನೈದು ಕರ್ಮಾದಾನಗಳನ್ನು ಶ್ರಾವಕನು ಬಿಡಬೇಕು. ಸುಳ್ಳು ತೂಕ, ಸುಳ್ಳು ಅಳತೆ, ಕಲಬೆರಕೆ, ಕದ್ದ ಮಾಲನ್ನು ಕೊಳ್ಳುವುದು ಅಚೌರ್ಯವ್ರತಕ್ಕೆ ದೋಷಗಳು. ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲೂ ಹೇಮಚಂದ್ರಾಚಾರ್ಯರ ಯೋಗಶಾಸ್ತ್ರದಲ್ಲೂ ಗೃಹಸ್ಥನಿಗೆ ಹೇಳಿದ ಗುಣಗಳ ಪಟ್ಟಿ ನ್ಯಾಯವಾಗಿ ಗಳಿಸಿದ ಧನದಿಂದಲೇ ಆರಂಭವಾಗುತ್ತದೆ.

ಕುಂಡಲಿಯನ್ನು ಎಷ್ಟು ತಿರುವಿದರೂ ಈ ಪ್ರಶ್ನೆಗಳಿಗೆ ಅಲ್ಲಿ ಉತ್ತರವಿಲ್ಲ. ಧನಸ್ಥಾನ ಬಲವಾಗಿದೆ ಎಂದು ಅದು ಹೇಳಬಹುದು, ಆ ಧನ ಯಾರ ಕಣ್ಣೀರಿನಿಂದ ಬಂದೀತೆಂದು ಹೇಳದು. ಜನರ ದುರಾಸೆಯನ್ನೇ ಬಂಡವಾಳ ಮಾಡಿಕೊಂಡ ಆನ್‌ಲೈನ್ ಜೂಜಿನ ಸಂಸ್ಥೆಯಲ್ಲಿ ದೊಡ್ಡ ಸಂಬಳದ ಕೆಲಸ ಸಿಕ್ಕರೆ ಜಾತಕದಲ್ಲಿ ಅದು ರಾಜಯೋಗವೇ. ಶ್ರಾವಕನ ಲೆಕ್ಕದಲ್ಲಿ ಅದು ಪಾಪಾಸ್ರವ. ಸಾಧಾರಣ ಆದಾಯದ ಶಾಲೆಯ ಶಿಕ್ಷಕಿಯ ಕೆಲಸ ಜಾತಕದಲ್ಲಿ ಮಧ್ಯಮ ಫಲವೆನಿಸಬಹುದು. ಇತರರ ಜ್ಞಾನಕ್ಕೆ ನೆರವಾಗುವವರಿಗೆ ಜ್ಞಾನಾವರಣ ಸಡಿಲಗೊಳ್ಳುತ್ತದೆಂದು ಸಿದ್ಧಾಂತ ಹೇಳುತ್ತದೆ. ವೃತ್ತಿಯಿಂದ ದೊರೆಯುವ ತೃಪ್ತಿಗೂ ಹೀಗೆಯೇ ಬೇರೆ ಮೂಲವಿದೆ. ಪರಿಗ್ರಹಕ್ಕೆ ಪರಿಮಾಣ ಹಾಕಿಕೊಳ್ಳದವನಿಗೆ ಯಾವ ಉದ್ಯೋಗವೂ ಸಾಲದು. ಇಷ್ಟು ಸಾಕೆಂದು ವ್ರತ ಹಿಡಿದವನಿಗೆ ಕೈಯಲ್ಲಿರುವ ಕೆಲಸವನ್ನು ಪ್ರೀತಿಯಿಂದ ಮಾಡಲು ಬಿಡುವು ದೊರೆಯುತ್ತದೆ.

ಆದ್ದರಿಂದ ಜಾತಕವನ್ನು ನೋಡಿಸುವ ರೂಢಿಯುಳ್ಳ ಮನೆಯವರು ಒಂದು ನಿಯಮವನ್ನಾದರೂ ಪಾಲಿಸುವುದು ಒಳಿತು. ಜ್ಯೋತಿಷಿಯ ಮಾತು ಮಗುವಿಗೆ ಧೈರ್ಯ ತುಂಬುವುದಾದರೆ ಹಿರಿಯರೊಬ್ಬರ ಹಾರೈಕೆಯಂತೆ ಅದನ್ನು ಸ್ವೀಕರಿಸಲಿ. ನಿನಗೆ ವಿದ್ಯೆಯ ಯೋಗವಿಲ್ಲ, ಈ ಹೆಣ್ಣುಮಗುವಿಗೆ ಹೊರಗಿನ ಉದ್ಯೋಗ ಆಗಿಬರುವುದಿಲ್ಲ ಎಂಬಂಥ ಮಾತಾದರೆ ಅದನ್ನು ಅಲ್ಲಿಯೇ ಬಿಟ್ಟುಬರಲಿ, ಮನೆಗೆ ತರಬಾರದು. ಅನಂತಜ್ಞಾನ, ಅನಂತವೀರ್ಯಗಳನ್ನು ಶಕ್ತಿರೂಪದಲ್ಲಿ ಉಳ್ಳ ಜೀವಕ್ಕೆ, ಅದರ ಶಕ್ತಿ ಇಷ್ಟೇ ಎಂದು ಹೇಳುವುದು ಬರಿಯ ತಪ್ಪು ಭವಿಷ್ಯವಲ್ಲ, ಅದು ವಚನಹಿಂಸೆ. ಕಲಿಯುವವರಿಗೆ ಅಡ್ಡಿಯಾಗುವವನು ತನಗೆ ತಾನೇ ಜ್ಞಾನಾವರಣವನ್ನು ಕಟ್ಟಿಕೊಳ್ಳುತ್ತಾನೆಂಬುದನ್ನು ಹೇಳುವವರೂ ಕೇಳಿಸುವವರೂ ನೆನಪಿಡಬೇಕು.

ಕಾಲೇಜಿಗೆ ಸೇರಿಸಲು ಒಳ್ಳೆಯ ಮುಹೂರ್ತವನ್ನು ಹುಡುಕುವವರು ಬಹಳ. ಜಿನಧರ್ಮದಲ್ಲಿ ಮುಹೂರ್ತಕ್ಕೆ ಇನ್ನೊಂದು ಬಳಕೆಯಿದೆ. ಒಂದು ಮುಹೂರ್ತವೆಂದರೆ 48 ನಿಮಿಷ, ಒಂದು ಸಾಮಾಯಿಕದ ಅವಧಿ. ಅರ್ಜಿಯನ್ನು ತುಂಬುವ ಮುನ್ನ ಮಗು ಮೊಬೈಲನ್ನು ದೂರವಿಟ್ಟು ಆ ಒಂದು ಮುಹೂರ್ತ ಸಮಭಾವದಲ್ಲಿ ಕುಳಿತುಕೊಳ್ಳಲಿ. ತನ್ನ ಒಲವು ಎಲ್ಲಿದೆ, ತನ್ನ ಶಕ್ತಿ ಎಷ್ಟಿದೆ, ಈ ಕೆಲಸದಿಂದ ಯಾವ ಜೀವಕ್ಕಾದರೂ ನೋವಾದೀತೆ, ಇದರಲ್ಲಿ ತನ್ನ ಕ್ರೋಧ ಮಾನ ಮಾಯೆ ಲೋಭಗಳು ತಗ್ಗುವವೋ ಹೆಚ್ಚುವವೋ ಎಂದು ತನ್ನನ್ನೇ ಕೇಳಿಕೊಳ್ಳಲಿ. ತಂದೆತಾಯಿಯರೂ ಪಕ್ಕದಲ್ಲಿ ಮೌನವಾಗಿ ಕುಳಿತರೆ ಇನ್ನೂ ಒಳ್ಳೆಯದು. ಆ ಮೇಲೆ ಬರುವ ನಿರ್ಧಾರ ಮುಂದೆ ಬದಲಾಗಬಹುದು, ತಪ್ಪಲೂ ಬಹುದು. ಆದರೂ ಅದು ಆ ಜೀವ ಎಚ್ಚರದಲ್ಲಿ ತಾನೇ ಕೈಗೊಂಡ ನಿರ್ಧಾರವಾಗಿರುತ್ತದೆ, ತಪ್ಪಿದಾಗ ತಿದ್ದಿಕೊಳ್ಳುವ ಬಲವೂ ಅದರಿಂದಲೇ ಬರುತ್ತದೆ.